ಮಾವನ ಕೋವಿ, ಮುನ್ನೂರು ಮೀಟರ್

ನಮ್ಮ ಮನೆಯ ಕೋವಿ ಬೀರುವಿನಿಂದ ಹೊರಗೆ ಬಂದ ದಿನ ಹಂದಿ ಹೆದರುತ್ತದೋ ಇಲ್ಲವೋ, ನೆಂಟರಿಗೆ ನಗಲು ಏನಾದರೊಂದು ಸಿಕ್ಕೇ ಸಿಗುತ್ತದೆ. ಹೋದ ಚಳಿಗಾಲದಲ್ಲಂತೂ ಅದನ್ನು ಹೆಗಲಿಗೇರಿಸಿಕೊಂಡು ಭದ್ರಾವತಿಯ ಸ್ಪರ್ಧೆಗೇ ಹೋಗಿಬಿಟ್ಟೆ. ನಗುವವರಿಗೆ ವರ್ಷಕ್ಕಾಗುವಷ್ಟು ಸಿಕ್ಕಿತು.

ನಾನು ಶಿವಮೊಗ್ಗದ ಹೊಸಮನೆಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಗಿರಾಕಿಗಳ ಡಬ್ಬದ ಮೇಲಿನ ಹೆಸರು ನೋಡಿ ನೋಡಿ ಅಕ್ಷರ ಕಲಿತೆ, ಈಗ ಕೈಗೆ ಸಿಕ್ಕ ಪುಸ್ತಕ ಮುಗಿಸದೆ ಕೆಳಗಿಡುವುದಿಲ್ಲ. ಗಿರಣಿಯ ದುಡಿಮೆಯಲ್ಲೇ ಗಾಜನೂರಿನ ಹತ್ತಿರ ಜಮೀನು ಕೊಂಡು ಮೆಕ್ಕೆಜೋಳ ಹಾಕಿದೆ. ಜೋಳಕ್ಕೆ ಹಂದಿ ಬಂತು. ಹಂದಿಗೆ ಮಾವನ ಕೋವಿ ಬಂತು.

ಮಾವ ಹಳೇ ಕಾಲದ ಶಿಕಾರಿಯವರು. ಶಿಕಾರಿ ನಿಂತ ಮೇಲೂ ಬೆಳೆ ಕಾಯಲು ಅಂತ ಒಂದು ರೈಫಲ್ ಇಟ್ಟುಕೊಂಡಿದ್ದರು. ಇಬ್ಬರು ಗಂಡುಮಕ್ಕಳಲ್ಲಿ ಕಿರಿಯವರಾದ ನಮ್ಮ ಯಜಮಾನರು ಕುಕ್ಕರ್ ಸೀಟಿಗೂ ಬೆಚ್ಚಿಬೀಳುವವರು. ಹಾಗಾಗಿ ಮಾವ ನನಗೇ ಹೊಡೆಯಲು ಕಲಿಸಿ, ತೀರಿಕೊಳ್ಳುವ ಮುಂಚೆ ಕೋವಿಯನ್ನೂ ಲೈಸೆನ್ಸನ್ನೂ ನನ್ನ ಹೆಸರಿಗೇ ಮಾಡಿಸಿದರು. ಜೊತೆಗೆ ಒಂದು ಕಟ್ಟಳೆ ಕೊಟ್ಟರು. ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆಯುವ ಮುಂಚೆ ಗಂಟಲು ಬಿಚ್ಚಿ "ಹೋ...ಯ್!" ಅಂತ ಕೂಗಬೇಕು, ಜೋಳದೊಳಗೆ ಯಾರಾದರೂ ಇದ್ದರೆ ಬಗ್ಗಲಿ ಅಂತ. "ಕೂಗದೆ ಹಾರಿಸಿದ ಗುಂಡು ಕಳ್ಳನ ಗುಂಡು" ಅನ್ನುತ್ತಿದ್ದರು.

ಹೋಳಿಗೆ ಎಲೆಯ ಮುಂದೆ

ಹಿರಿಮಗ, ಅಂದರೆ ನಮ್ಮ ಭಾವ, ಕಾರ್ಖಾನೆಯಲ್ಲಿ ರಿಟೈರ್ ಆಗಿ ಭದ್ರಾವತಿ ನ್ಯೂ ಟೌನಿನಲ್ಲಿದ್ದಾರೆ. ಕೋವಿ ನನಗೆ ಬಂದದ್ದು ಅವರಿಗೆ ಇವತ್ತಿಗೂ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು. ಅವರ ಮೊಮ್ಮಗಳ ನಾಮಕರಣದ ಊಟದಲ್ಲಿ ಮತ್ತೆ ಶುರು ಮಾಡಿದರು.

"ಹಿರಿಮಗ ನಾನು. ಅಪ್ಪನ ಕೋವಿ ಹೋಗಿ ಹಿಟ್ಟು ಮೆತ್ಕೊಂಡು ಗಿರಣೀಲಿ ಕೂತಿದೆ."

"ಹಿಟ್ಟು ಮೆತ್ಕೊಂಡಿದ್ರೂ ಗುರಿ ಮರೆತಿಲ್ಲ ಭಾವ" ಅಂದೆ.

"ಹೌದಾ? ಮುಂದಿನ ತಿಂಗಳು ನಮ್ಮ ಊರಾಚೆ ಕಲ್ಲುಕ್ವಾರೀಲಿ ರೈಫಲ್ ಸ್ಪರ್ಧೆ ಇದೆ. ಮುನ್ನೂರು ಮೀಟರ್ ದೂರದ ಕಬ್ಬಿಣದ ಪ್ಲೇಟಿಗೆ ಒಂದೇ ಒಂದು ಗುಂಡು ತಾಗಿಸು ಸಾಕು. ಹೊಡೆದರೆ ಈ ಜನ್ಮದಲ್ಲಿ ಕೋವಿ ಮಾತೆತ್ತಲ್ಲ. ತಪ್ಪಿದರೆ ಕೋವಿ ನನ್ನ ಹೆಸರಿಗೆ."

ಪಂಕ್ತಿಯಲ್ಲಿ ಎಲ್ಲರ ಕೈ ಎಲೆಯ ಮೇಲೇ ನಿಂತಿತು. "ಆಗಲಿ" ಅಂದೆ.

ಮನೆಗೆ ಬಂದ ಮೇಲೆ ಯಜಮಾನರು, "ಮುನ್ನೂರು ಮೀಟರ್ ಅಂದ್ರೆ ಎಷ್ಟು ಗೊತ್ತೇನೇ?" ಅಂತ ಗಿರಣಿ ಬಾಗಿಲಲ್ಲಿ ನಿಲ್ಲಿಸಿ ರಸ್ತೆಯ ಆ ತುದಿಯ ಕಟಿಂಗ್ ಶಾಪ್ ತೋರಿಸಿದರು. "ಆ ಬೋರ್ಡಲ್ಲಿ ಏನಿದೆ ಓದು ನೋಡೋಣ."

"ನಾನು ಅದನ್ನ ಓದೋಕೆ ಹೋಗ್ತಿಲ್ಲ ರೀ, ಹೊಡೆಯೋಕೆ ಹೋಗ್ತಿರೋದು" ಅಂದೆ, ಸ್ವಲ್ಪ ಗಟ್ಟಿಯಾಗಿಯೇ.

ಅವತ್ತಿನಿಂದ ಆ ಅಂಗಡಿಯವನು ನಾನು ಬಾಗಿಲಿಗೆ ಬಂದರೆ ಷಟರ್ ಅರ್ಧ ಇಳಿಸುತ್ತಾನೆ.

ಕುಂಕುಮದ ಸಾಲು

ಸ್ಪರ್ಧೆಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಜಮಾನರು ಕೋವಿಗೆ ಆಯುಧ ಪೂಜೆಯನ್ನೇ ಮಾಡಿ ಮುಗಿಸಿದ್ದರು. ನಳಿಗೆಗೆ ವಿಭೂತಿ, ಹಿಡಿಗೆ ಗಂಧ, ಎಲ್ಲೆಲ್ಲಿ ಜಾಗ ಇತ್ತೋ ಅಲ್ಲೆಲ್ಲ ಕುಂಕುಮ, ಪಟ್ಟಿಗೆ ಒಂದು ನಿಂಬೆಹಣ್ಣು. ನಾನು ಒರೆಸಿದಷ್ಟೂ ಒರೆಸಿದೆ. ಸಂದಿಯಲ್ಲಿದ್ದದ್ದು ಅಲ್ಲೇ ಉಳಿಯಿತು.

ಕ್ವಾರಿಯಲ್ಲಿ ಸ್ಪರ್ಧೆಯ ಉಸ್ತುವಾರಿ ಒಬ್ಬ ಮಾಜಿ ಸುಬೇದಾರರದ್ದು. ನೆಟ್ಟಗಿನ ಬೆನ್ನು, ಕುತ್ತಿಗೆಯಲ್ಲಿ ಸೀಟಿ. ತಪಾಸಣೆಗೆ ಅಂತ ನನ್ನ ಕೋವಿಯ ಬೋಲ್ಟ್ ಎಳೆದರು. ಪುಸ್ ಅಂತ ಕುಂಕುಮ ಎದ್ದು ಅವರ ಮೀಸೆ ಮೇಲೆ ಕೂತಿತು.

"ಅಮ್ಮ, ಇದಕ್ಕೆ ಎಣ್ಣೆ ಹಾಕ್ತೀರೋ, ತೀರ್ಥ ಹಾಕ್ತೀರೋ?"

"ಎಣ್ಣೆ ನಂದು ಸರ್, ತೀರ್ಥ ನಮ್ಮ ಯಜಮಾನರದು."

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಅವರ ರೈಫಲ್ಲುಗಳೋ, ಮದುವೆ ಹೆಣ್ಣಿನ ಒಡವೆ ಹಾಗೆ ಸ್ಪಂಜಿನ ಪೆಟ್ಟಿಗೆಯಲ್ಲಿ ಮಲಗಿದ್ದವು. ಮೇಲೆ ಮೊಣಕೈ ಉದ್ದದ ದುರ್ಬೀನು, ಕೆಳಗೆ ಮಡಚುವ ಕಾಲು, ಪಕ್ಕದಲ್ಲಿ ಗಾಳಿ ಅಳೆಯುವ ಗಿರಗಿಟ್ಲೆ. ನನ್ನದಕ್ಕೆ ದುರ್ಬೀನಿಲ್ಲ, ಗುರಿ ಹಿಡಿಯಲು ಹಿಂದೊಂದು ಕಚ್ಚು, ಮುಂದೊಂದು ಮೊಳೆಯಂಥ ತುದಿ, ಅಷ್ಟೇ. ಒಬ್ಬ ಹುಡುಗ ಕೇಳಿಯೇ ಬಿಟ್ಟ: "ಆಂಟಿ, ಇದರಲ್ಲಿ ಪ್ಲೇಟ್ ಕಾಣುತ್ತಾ?"

"ಹಂದಿ ಕಾಣುತ್ತಪ್ಪ. ಪ್ಲೇಟು ಓಡೋದೂ ಇಲ್ಲ."

ಮೊದಲ ಸುತ್ತು ಹತ್ತಿರದ ಪ್ಲೇಟಿಗೆ. ಪೆಟ್ಟಿಗೆಯ ರೈಫಲ್ಲುಗಳು ಒಂದರ ಹಿಂದೊಂದು ತಪ್ಪಿದವು. ನನ್ನದು ಮೊದಲ ಗುಂಡಿಗೇ ಟಣ್ ಅಂದಿತು. ಎದ್ದು ಹಿಂದೆ ತಿರುಗಿದರೆ ಅದೇ ಹುಡುಗ ನಮ್ಮ ಯಜಮಾನರ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟುತ್ತಿದ್ದಾನೆ: "ಅಂಕಲ್, ಕುಂಕುಮ ಇನ್ನೂ ಸ್ವಲ್ಪ ಇದೆಯಾ?" ಅವನ ಹಿಂದೆ ಇನ್ನೂ ಮೂವರು ನಿಂತಿದ್ದರು.

ಬೂಸಾ ಚೀಲ

ಎಲ್ಲರೂ ರೈಫಲ್ ಊರಲು ಮರಳು ತುಂಬಿದ ಪುಟ್ಟ ದಿಂಬು ತಂದಿದ್ದರು. ನನಗೆ ಗಿರಣಿಯಲ್ಲಿ ಸಿಗುವುದು ಬೂಸಾ. ಒಂದು ಚೀಲ ತುಂಬಿ ಹೊಲಿದು ತಂದಿದ್ದೆ. ಕೋವಿ ಇಟ್ಟರೆ ತೊಟ್ಟಿಲಲ್ಲಿ ಮಗು ಇಟ್ಟ ಹಾಗೆ ಕೂರುತ್ತಿತ್ತು.

ಎರಡನೇ ಸುತ್ತಿಗೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದೆ. ಇದ್ದಕ್ಕಿದ್ದಂತೆ ಕೋವಿಯ ತುದಿ ಎಡಕ್ಕೆ ಹೊರಟಿತು. ಗಾಳಿಯೇ ಅಂದುಕೊಂಡರೆ ಕಿವಿಯ ಪಕ್ಕದಲ್ಲಿ ಬುಸ್ ಅಂತ ಬಿಸಿ ಉಸಿರು. ತಿರುಗಿದರೆ ಒಂದು ಕಪ್ಪು ಹಸು! ಬೂಸಾ ವಾಸನೆ ಹಿಡಿದು ಕಲ್ಲಿನ ರಾಶಿ ದಾಟಿ ಬಂದು, ಚೀಲದ ಮೂಲೆ ಕಚ್ಚಿ ಎಳೆಯುತ್ತಿದೆ.

ಸುಬೇದಾರರು ಸೀಟಿ ಊದಿದರು. "ಎಲ್ಲರೂ ರೈಫಲ್ ಖಾಲಿ ಮಾಡಿ! ಯಾರದ್ರೀ ಈ ಹಸು?"

ಹಸು ಚೀಲ ಬಿಡಲಿಲ್ಲ, ನಾನೂ ಬಿಡಲಿಲ್ಲ. ಇಬ್ಬರೂ ಎಳೆದಾಡಿದ ರಭಸಕ್ಕೆ ಹೊಲಿಗೆ ಬಿಚ್ಚಿ ಬೂಸಾ ಎಲ್ಲ ನನ್ನ ತಲೆ ಮೇಲೆ.

ಪಕ್ಕದ ಜಾಗದಲ್ಲಿ, ಗೆಳೆಯನ ದುರ್ಬೀನಿನ ರೈಫಲ್ ಹಿಡಿದು ಮಲಗಿದ್ದವರು ಬೇರೆ ಯಾರೂ ಅಲ್ಲ, ನಮ್ಮ ಭಾವ. ಅವರೂ ಹೆಸರು ಕೊಟ್ಟಿದ್ದರು. "ನೋಡು ಮಾರಾಯ್ತಿ," ಅಂದರು, "ಹಸುವಿಗೂ ಗೊತ್ತಾಗಿದೆ, ನೀನು ಇರಬೇಕಾದ್ದು ಗಿರಣೀಲಿ ಅಂತ."

ಪ್ಲೇಟಿಗೆ ಯಾಕೆ ಹೇಳಬೇಕು?

ಇಷ್ಟರಲ್ಲಿ ನನ್ನ ಕೂಗಿನ ಮೇಲೆ ದೂರು ಬಂತು. ಎಲ್ಲರೂ ಧ್ಯಾನಕ್ಕೆ ಕೂತ ಹಾಗೆ ಮಲಗಿರುವಾಗ ನಾನು ಪ್ರತಿ ಗುಂಡಿಗೂ "ಹೋ...ಯ್!" ಅನ್ನುತ್ತಿದ್ದೆ. ಗಿರಣಿಯ ಮೋಟಾರಿನ ಸದ್ದು ಮೀರಿ ಮಾತಾಡಿ ಪಳಗಿದ ಗಂಟಲು ನನ್ನದು. ಕಿವಿಗೆ ಹತ್ತಿ ಇಟ್ಟುಕೊಂಡವರಿಗೂ ಒಳಗೆ ಇಳಿಯುತ್ತಿತ್ತು.

ಸುಬೇದಾರರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಅಮ್ಮ, ಏನಿದು?"

"ಗುಂಡು ಬರ್ತಿದೆ ಅಂತ ಹೇಳೋದು ಸರ್."

"ಯಾರಿಗೆ? ಪ್ಲೇಟಿಗೆ ಯಾಕೆ ಹೇಳಬೇಕು?"

"ಅದೇ ಅಭ್ಯಾಸ ಸರ್. ಕೂಗದೆ ಇದ್ದರೆ ಬೆರಳು ಎಳೆಯಲ್ಲ."

"ಸ್ಪರ್ಧೆಯಲ್ಲಿ ಕೂಗೋ ಹಾಗಿಲ್ಲ."

"ನಿಯಮದ ಹಾಳೆ ಪೂರ್ತಿ ಓದಿದೀನಿ. ಕೂಗಬಾರದು ಅಂತ ಎಲ್ಲೂ ಇಲ್ಲ."

ಅವರು ಹಾಳೆ ತರಿಸಿ ಓದಿದರು. ಹಿಂದೆ ಮುಂದೆ ತಿರುಗಿಸಿಯೂ ನೋಡಿದರು. ಕೊನೆಗೆ ನಿಟ್ಟುಸಿರು ಬಿಟ್ಟು ಎದ್ದರು. "ಹೀಗೊಬ್ಬರು ಬರ್ತಾರೆ ಅಂತ ಬರೆದವರಿಗೆ ಹೊಳೆದಿಲ್ಲಮ್ಮ. ಆದಷ್ಟು ಮೆಲ್ಲಗೆ ಕೂಗಿ."

ಕೊನೆಯ ಪ್ಲೇಟು

ಕೊನೆಗೆ ಮುನ್ನೂರು ಮೀಟರ್. ಪ್ಲೇಟು ಮೊರದಷ್ಟು ಅಗಲ ಅಂತ ಹೇಳಿದ್ದರು. ನನ್ನ ಕಣ್ಣಿಗೆ ಸಾಸಿವೆಯಷ್ಟಿತ್ತು. ಒಬ್ಬೊಬ್ಬರಿಗೆ ಮೂರು ಗುಂಡು, ಒಂದೊಂದು ಪ್ಲೇಟು. ಹಸುವಿನ ಗಲಾಟೆಯಲ್ಲೇ ಬಹುಮಾನ ನನ್ನ ಕೈ ಮೀರಿ ಹೋಗಿತ್ತು, ನನಗೆ ಅದು ಬೇಕಾಗಿಯೂ ಇರಲಿಲ್ಲ. ಈ ಒಂದು ಟಣ್ ಬೇಕಿತ್ತು.

ಮೆಲ್ಲಗೆ "ಹೋಯ್" ಅಂದು ಮೊದಲನೇದು ಹೊಡೆದೆ. ಪ್ಲೇಟಿನ ಕೆಳಗೆ ಮಣ್ಣು ಹಾರಿತು. ಭಾವ ಕಣ್ಣು ದುರ್ಬೀನಿನಿಂದ ತೆಗೆಯದೆ, "ಬೀರುವಿನ ಕೀಲಿಕೈ ತಂದಿದೀಯ ತಾನೆ?" ಅಂದರು. ಎರಡನೇದು ಮೆಲ್ಲಗೆ ಕೂಗಿದೆ. ಮೇಲೆ ಹೋಯಿತು. ಭಾವನ ಎರಡೂ ತಪ್ಪಿದ್ದವು, ಆದರೆ ಅವರಿಗೇನು, ಹೊಡೆಯಬೇಕಾದವಳು ನಾನು.

ಮೆಲ್ಲಗೆ ಕೂಗಿದ್ದೇ ತಪ್ಪಾಯಿತು ಅನಿಸಿತು. ಕೋವಿ ಗಟ್ಟಿ ಹಿಡಿದು, ಹೊಟ್ಟೆಯೊಳಗಿನಿಂದ ಎತ್ತಿ ಕೂಗಿದೆ: "ಹೋ...ಯ್!"

ಢಂ ಅಂದಿತು. ನನ್ನ ಪ್ಲೇಟು ಟಣ್ ಅಂದಿತು. ಶಾಮಿಯಾನದ ಕೆಳಗಿದ್ದವರೆಲ್ಲ ಚಪ್ಪಾಳೆ ತಟ್ಟಿ ಎದ್ದುನಿಂತರು. ನಮ್ಮ ಯಜಮಾನರಂತೂ ನಿಂಬೆಹಣ್ಣು ಮೇಲಕ್ಕೆಸೆದು ಹಿಡಿದರು.

ನಾನು ಬೋಲ್ಟ್ ತೆಗೆದೆ. ಗುಂಡು ಒಳಗೇ ಇದೆ. ನಾನಿನ್ನೂ ಕುದುರೆ ಎಳೆದೇ ಇರಲಿಲ್ಲ.

ಭಾವನ ಕಡೆ ನೋಡಿದೆ. ಮುಖ ಬಿಳುಚಿತ್ತು. ನನ್ನ ಕೂಗಿಗೆ ಬೆಚ್ಚಿ, ಅವರ ಬೆರಳು ಜಾರಿ, ಅವರ ಗುಂಡು ಬಂದು ನನ್ನ ಪ್ಲೇಟಿಗೆ ಬಿದ್ದಿತ್ತು.

"ಸರ್, ಅದು ನಂದಲ್ಲ" ಅಂದೆ.

ಶಾಮಿಯಾನದಿಂದ ಅಕ್ಕ, ಅಂದರೆ ಭಾವನ ಹೆಂಡತಿ, ಕೂಗಿದರು: "ಅಯ್ಯೋ ಸುಮ್ನಿರೇ ಮಾರಾಯ್ತಿ! ತಾನಾಗಿ ಬಂದಿದ್ದನ್ನ ಯಾರಾದ್ರೂ ಬಿಡ್ತಾರಾ?"

"ಬೇರೆಯವರ ಗುಂಡಿನ ಟಣ್ ನನಗೆ ಬೇಡಕ್ಕ. ನಂದು ಇಲ್ಲಿದೆ" ಅಂತ ಬೋಲ್ಟ್ ಮತ್ತೆ ಹಾಕಿದೆ.

ಸುಬೇದಾರರು ಭಾವನಿಗೆ ನಾಲ್ಕು ಮಾತು ಬೈದು, ಅವರ ರೈಫಲ್ ಖಾಲಿ ಮಾಡಿಸಿ ಹಿಂದೆ ನಿಲ್ಲಿಸಿದರು. ಆಮೇಲೆ ಎಲ್ಲರ ಕಡೆ ತಿರುಗಿದರು: "ಯಾರೂ ರೈಫಲ್ ಮುಟ್ಟಬೇಡಿ. ಅಮ್ಮ ಕೂಗ್ತಾರೆ."

ಮಲಗಿದ್ದವರೆಲ್ಲ ರೈಫಲ್ ಬಿಟ್ಟು ಕಿವಿ ಮುಚ್ಚಿಕೊಂಡರು. ನಾನು ಬಾಯಿ ತೆರೆದೆ. ದನಿ ಬರಲಿಲ್ಲ! ಬೂಸಾ ಧೂಳೋ, ಉದ್ವೇಗವೋ, ಗಂಟಲು ಕಟ್ಟಿಹೋಗಿತ್ತು. ಬೆರಳು ಕುದುರೆಯ ಮೇಲಿದೆ, ಎಳೆಯುವುದಿಲ್ಲ. ಉಗುಳು ನುಂಗಿದೆ. ಮತ್ತೆ ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಕೋವಿ ಹೋಯಿತು ಅಂದುಕೊಂಡೆ.

ಆಗ ನನ್ನ ಬೆನ್ನ ಹಿಂದಿನಿಂದ ಬಂತು, ಥೇಟ್ ಮಾವನ ದನಿ: "ಹೋ...ಯ್!"

ಬೆರಳು ತಾನಾಗಿ ಎಳೆಯಿತು. ಢಂ. ಆಮೇಲೆ ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ದೂರದಿಂದ, ದೇವರ ಮನೆಯ ಗಂಟೆಯ ಹಾಗೆ, ಟಣ್.

ತಿರುಗಿ ನೋಡಿದರೆ ಭಾವ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಕೂತು ಬೆಳೆ ಕಾದವರು. ಕೋವಿ ಹಿಡಿದವರು ಸುಮ್ಮನಿದ್ದರೆ ಪಕ್ಕದವರು ಕೂಗಬೇಕು ಅನ್ನುವುದು ಅವರ ನೆತ್ತರಲ್ಲೇ ಇತ್ತು. ಪಂಥ ನೆನಪಾಗುವಷ್ಟರಲ್ಲಿ ಕೂಗಿ ಆಗಿತ್ತು.

ಎಲ್ಲರೂ ನನ್ನ ಸುತ್ತ ಮುತ್ತಿದರು. ಅಕ್ಕ ಮಾತ್ರ ನೇರ ಗಂಡನ ಹತ್ತಿರ ಹೋಗಿ, ಅವರ ಬಾಯಿಯ ಮೇಲಿನ ಕೈಗಳನ್ನು ಮೆಲ್ಲಗೆ ಬಿಡಿಸಿ, ಇಡೀ ಕ್ವಾರಿಗೆ ಕೇಳುವ ಹಾಗೆ ಅಂದರು:

"ಮದುವೆ ಆದಾಗಿಂದ ನೋಡ್ತಿದೀನಿ, ನೀವು ಬಾಯಿ ಹಾಕಿ ಕೆಲಸ ಕೆಡದೇ ಇದ್ದದ್ದು ಇದೇ ಮೊದಲು ಕಣ್ರೀ!"