ಎಮ್ಮೆ ಎರಡು

ಆಕಾಶವನ್ನು ಕೇಳಿಕೊಂಡು ನೆಲದ ಮೇಲೆ ಹುಡುಕುವವರು ಮನೆಯಲ್ಲಿದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ಅವರು ಹೋದ ಮೇಲೂ ನಿಲ್ಲುವುದಿಲ್ಲ ಎಂಬುದು ನನಗೆ ತಿಳಿದದ್ದು ಈಚೆಗೆ.

ನಾನು ಜಾಲಹಳ್ಳಿಯ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ತಮ್ಮ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದ. ಟಿ. ದಾಸರಹಳ್ಳಿಯ ಬಾಡಿಗೆ ಮನೆಯಲ್ಲಿ ಇದ್ದವರು ನಾವಿಬ್ಬರೇ. ಅವನ ಕಾರ್ಖಾನೆಯಲ್ಲಿ ಕಿರುಬೆರಳಿನಷ್ಟು ಉದ್ದದ ಯಂತ್ರಗಳನ್ನು ಮಾಡುತ್ತಿದ್ದರು. ಬ್ಯಾಟರಿ ಉಳಿಸಲು ಅವು ದಿನವೆಲ್ಲ ನಿದ್ದೆ ಮಾಡುತ್ತವೆ. ಉಪಗ್ರಹ ಮೇಲೆ ಹಾದುಹೋಗುವ ಹೊತ್ತಿಗೆ ಎದ್ದು, ಸಣ್ಣಗೆ ಕೂಗಿ, ಮತ್ತೆ ಮಲಗುತ್ತವೆ. ಆ ಕೂಗು ನೆಲದ ಮೇಲೆ ಎಲ್ಲಿಂದ ಬಂತೆಂದು ಕಂಡುಹಿಡಿಯುವುದು ತಮ್ಮನ ಕೆಲಸ.

ಮಹಡಿಯ ಮೇಲಿನ ಉಪಗ್ರಹ

ಬರಿಯ ಕೂಗಿನಿಂದ ಜಾಗ ಹೇಗೆ ತಿಳಿಯುತ್ತದೆ ಎಂದು ಒಮ್ಮೆ ಕೇಳಿದೆ. ತುಮಕೂರು ರಸ್ತೆಯ ಆಂಬುಲೆನ್ಸನ್ನು ನೆನಪಿಸಿಕೋ ಎಂದ. ಬರುವಾಗ ಸದ್ದಿನ ಶ್ರುತಿ ಏರಿರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಥಟ್ಟನೆ ಇಳಿದರೆ ಹತ್ತಿರ, ನಿಧಾನವಾಗಿ ಇಳಿದರೆ ದೂರ. ತೋರಿಸುತ್ತೇನೆಂದು ಮಹಡಿಗೆ ಕರೆದುಕೊಂಡು ಹೋಗಿ, ಆಂಬುಲೆನ್ಸಿನಂತೆ ಕೂಗುತ್ತ ನನ್ನ ಮುಂದೆ ಓಡಿದ.

ನಾನು ತಡೆದೆ. ನಿಮ್ಮಲ್ಲಿ ಕೂಗುವುದು ನೆಲದ ಯಂತ್ರ, ಓಡುವುದು ಉಪಗ್ರಹ. ಇದು ತಲೆಕೆಳಗಾಯಿತು ಎಂದೆ.

"ಹಂಗಾದ್ರೆ ನೀನು ಕೂಗು, ನಾನು ಓಡ್ತೀನಿ."

ಉದಾಹರಣೆ ಸರಿಯಾಗಿರಬೇಕಲ್ಲ. ನಾನು ನಿಂತಲ್ಲೇ ಕೂಗಿದೆ, ಅವನು ಓಡಿದ. ಪಕ್ಕದ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಗಾಬರಿಯಿಂದ ಗೋಡೆಯವರೆಗೆ ಬಂದರು. ಮೀಸೆ ಹೊತ್ತ ನನ್ನ ತಮ್ಮನನ್ನು ನೋಡಿ, "ಹೋಗ್ಲಿ ಬಿಡಿ ಮಿಸ್, ಇನ್ನೊಂದ್ಸಲ ಮಾಡಲ್ಲ. ಹೊಡೀಬೇಡಿ" ಎಂದರು.

ಉಪ್ಪು

ಮೊದಲ ಯಂತ್ರವನ್ನು ಆನೇಕಲ್ ಕಡೆಯ ಒಬ್ಬರ ಎಮ್ಮೆಯ ಕೊರಳಿಗೆ ಕಟ್ಟಿದರು. ಎಮ್ಮೆಯೇ ಏಕೆಂದು ಕೇಳಿದ್ದೆ. "ಹೊತ್ತಿಗೆ ಸರಿಯಾಗಿ ಹೋಗುತ್ತೆ, ಹೊತ್ತಿಗೆ ಸರಿಯಾಗಿ ಬರುತ್ತೆ, ದಾರಿ ಬದಲಾಯಿಸಲ್ಲ, ಯಾರ ಮಾತೂ ಕೇಳಲ್ಲ. ಪರೀಕ್ಷೆಗೆ ಇದಕ್ಕಿಂತ ಒಳ್ಳೆ ಪ್ರಾಣಿ ಇಲ್ಲ ಕಣಕ್ಕ" ಎಂದಿದ್ದ. ಕಂಪ್ಯೂಟರಿನಲ್ಲಿ ಅದಕ್ಕೆ 'ಎಮ್ಮೆ 1' ಎಂದು ಹೆಸರಿಟ್ಟ.

ಉಪಗ್ರಹ ಒಂದೇ ಸಲ ಹಾದುಹೋದಾಗ ಈ ಲೆಕ್ಕಕ್ಕೆ ಎರಡು ಉತ್ತರ ಬರುತ್ತವೆ: ಉಪಗ್ರಹದ ದಾರಿಯ ಈಚೆಗೊಂದು, ಅಷ್ಟೇ ದೂರದಲ್ಲಿ ಆಚೆಗೊಂದು, ಕನ್ನಡಿಯಲ್ಲಿ ಕಂಡಂತೆ. ಒಂದು ನಿಜ, ಇನ್ನೊಂದು ಸುಳ್ಳು. ಆ ದಿನ ನಕ್ಷೆಯಲ್ಲಿ ಸುಳ್ಳನ್ನೇ ಆರಿಸಿಕೊಂಡರು. ಎಮ್ಮೆ ಅರಬ್ಬೀ ಸಮುದ್ರದ ನಡುವೆ ಇತ್ತು.

ಯಂತ್ರ ಕೆಟ್ಟಿತೋ ಏನೋ ಎಂದು ಎಮ್ಮೆಯ ಯಜಮಾನರಿಗೆ ತಮ್ಮ ಫೋನ್ ಮಾಡಿ, ನಿಮ್ಮ ಎಮ್ಮೆ ಸಮುದ್ರದಲ್ಲಿ ಕಾಣಿಸುತ್ತಿದೆ ಎಂದು ಸಂಕೋಚದಿಂದಲೇ ಹೇಳಿದ. ಆತ ಹೇಳಿದರಂತೆ:

"ನೀರು ಕಂಡ್ರೆ ಇಳೀತದೆ, ನಿಜ ಸಾಮಿ. ಆದ್ರೆ ಇವತ್ತು ಕರೆದ ಆಲು ಉಪ್ಪಾಗಿರ್ಲಿಲ್ವಲ್ಲ."

ಕೊಡೆ

ನಾನು ಅಂಕಗಳನ್ನು ಕೂಡಿಸುವಾಗ ತಪ್ಪುವುದಿಲ್ಲ. ಕೊಡೆಯನ್ನು ಮಾತ್ರ ಬಸ್ಸಿನಲ್ಲಿ ಬಿಟ್ಟು ಬರುತ್ತೇನೆ. ತಮ್ಮ ನನ್ನನ್ನು ಬಿಎಂಟಿಸಿಗೆ ಕೊಡೆ ದಾನ ಮಾಡುವವಳು ಎನ್ನುತ್ತಿದ್ದ. ಕೊನೆಗೆ ದಪ್ಪ ಹಿಡಿಯ ಒಂದು ಕರಿಯ ಕೊಡೆ ತಂದುಕೊಟ್ಟು, ಇದು ಮಾತ್ರ ಕಳೆಯುವುದಿಲ್ಲ ಎಂದ. ಕಳೆಯದಂತೆ ಅದರಲ್ಲಿ ಏನಿದೆ ಎಂದು ಕೇಳಿದೆ.

"ನಂಬಿಕೆ ಇದೆ" ಎಂದು ನಕ್ಕ.

ಆ ಕೊಡೆಯನ್ನೂ ವಾರದೊಳಗೆ ಬಸ್ಸಿನಲ್ಲಿ ಬಿಟ್ಟೆ. ಮರುದಿನ ಬೆಳಿಗ್ಗೆ ತಮ್ಮ ಅದನ್ನು ಡಿಪೋದಿಂದ ತಂದು ಬಾಗಿಲಿಗೆ ಒರಗಿಸಿದ. ಯಾವ ಡಿಪೋ ಎಂದು ಹೇಗೆ ತಿಳಿಯಿತು ಎಂದರೆ, ಕಂಡಕ್ಟರ್ ಪರಿಚಯ ಎಂದ. ಬೆಂಗಳೂರಿನಲ್ಲಿ ಇವನಿಗೆ ಪರಿಚಯವಿಲ್ಲದವರೇ ಇಲ್ಲವಲ್ಲ ಎಂದು ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದೆ.

ರಜೆ ಹಾಕುವ ಎಮ್ಮೆ

ಕಳೆದ ವರ್ಷ ತಮ್ಮ ಹೋದ. ಎದೆನೋವು ಎಂದ, ಆಂಬುಲೆನ್ಸ್ ಬಂತು, ತುಮಕೂರು ರಸ್ತೆಯುದ್ದಕ್ಕೂ ಅವನ ಕೈ ಹಿಡಿದು ಕುಳಿತಿದ್ದೆ. ಒಳಗೆ ಕುಳಿತವರಿಗೆ ಶ್ರುತಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇದನ್ನು ಅವನಿಗೆ ಹೇಳಬೇಕು ಎಂದುಕೊಂಡೆ. ಹೇಳಲು ಆಗಲಿಲ್ಲ.

ಈಚೆಗೆ ಅವನ ಜೊತೆ ಕೆಲಸ ಮಾಡುತ್ತಿದ್ದ ಬಾಗಲಕೋಟೆ ಕಡೆಯ ಗೆಳೆಯರೊಬ್ಬರು ಫೋನ್ ಮಾಡಿದರು. ಅವರು ಮೊದಲಿನಿಂದಲೂ ನನ್ನನ್ನು ಅಕ್ಕೋರ ಎನ್ನುತ್ತಾರೆ; ಅವರ ಕಡೆ ಶಿಕ್ಷಕಿಯನ್ನು ಹಾಗೆ ಕರೆಯುತ್ತಾರೆ.

"ಅಕ್ಕೋರ, 'ಎಮ್ಮೆ 2' ಅಂತ ಒಂದು ಯಂತ್ರ ಇನ್ನೂ ಕೂಗಾಕತ್ತೈತ್ರಿ. ಅಂವಾನೇ ಕಟ್ಟಿದ್ದು. ಯಾರ ಎಮ್ಮಿ ಅಂತ ನಮಗ್ಯಾರಿಗೂ ಹೇಳಿಲ್ಲ."

ಬ್ಯಾಟರಿ ಮುಗಿಯುತ್ತ ಬಂದಿದೆ, ಕೂಗು ಸಣ್ಣದಾಗುತ್ತಿದೆ ಎಂದರು. ತಮ್ಮ ತನ್ನ ಕೈಯಾರೆ ಮಾಡಿದ್ದೊಂದು ಇನ್ನೂ ಎಲ್ಲೋ ಎಚ್ಚರವಾಗಿದೆ. ಅದು ಸುಮ್ಮನಾಗುವ ಮೊದಲು ಒಮ್ಮೆ ಕೈಯಲ್ಲಿ ಹಿಡಿಯಬೇಕು ಎಂದೆ. ಆದರೆ ನಕ್ಷೆ ತೋರಿಸುವುದು ಒಂದು ದೊಡ್ಡ ವೃತ್ತವನ್ನು. ಅದರೊಳಗೆ ದಾಸರಹಳ್ಳಿಯ ಗಲ್ಲಿಗಳೆಲ್ಲ ಇದ್ದವು.

"ದಿನಾ ಮುಂಜಾನೆ ದಾಸರಹಳ್ಳಿಯಿಂದ ಜಾಲಹಳ್ಳಿಗೆ ಹೊಕ್ಕೈತ್ರಿ, ಸಂಜಿಗೆ ವಾಪಸ್. ಅಲ್ಲಿ ಹುಲ್ಲು ಐತಲ್ಲ, ಮೇಯಾಕ ಹೊಕ್ಕಿರಬೇಕು. ಐತಾರ ಮಾತ್ರ ಮನಿ ಬಿಟ್ಟು ಹೊಂಡಾಂಗಿಲ್ಲ."

ಎಮ್ಮೆಗೆ ಭಾನುವಾರ ಹೇಗೆ ತಿಳಿಯುತ್ತದೆ ಎಂದು ಇಬ್ಬರೂ ಬಹಳ ಯೋಚಿಸಿದೆವು. ಯಾರೋ ಬಹಳ ಶಿಸ್ತಿನ ಮನೆಯವರ ಎಮ್ಮೆ ಎಂದು ನಾನೇ ತೀರ್ಮಾನ ಹೇಳಿದೆ.

ಕರೆಂಟಿನವರು

ಮುಂದಿನ ಭಾನುವಾರ ಅವರು ಹಳೆಯ ಟಿವಿ ಆಂಟೆನಾದಂಥ ಒಂದು ಕಡ್ಡಿಗಳ ಚೌಕಟ್ಟನ್ನು ಕೈಯಲ್ಲಿ ಹಿಡಿದು ಬಂದರು. ಹತ್ತಿರ ಹೋಗಿ ಅದರಿಂದ ಕರೆದರೆ ಯಂತ್ರ ಓಗೊಡುತ್ತದೆ. ಹತ್ತಿರವಾದಷ್ಟೂ ಸದ್ದು ಜೋರು. ಬಿಸಿಲಿತ್ತು, ನಾನು ಎಂದಿನ ಕರಿಯ ಕೊಡೆ ಬಿಚ್ಚಿಕೊಂಡು ಹೊರಟೆ.

ಹಾಲಿನವರ ಕೊಟ್ಟಿಗೆಯಲ್ಲಿ ಸದ್ದು ಜೋರಾಗಿ ಬಂತು. ಒಂದು ಎಮ್ಮೆಯ ಕಿವಿಯನ್ನೂ ಬಿಡದೆ ನೋಡಿದೆವು. ಏನೂ ಇಲ್ಲ. ಹಿಂದಿನ ಗಲ್ಲಿಗೆ ಹೋದೆವು, ಅಲ್ಲಿಯೂ ಅಷ್ಟೇ ಜೋರು. ಅವರು ಆಂಟೆನಾವನ್ನು ಒಂದೊಂದೇ ಮನೆಯ ಕಡೆಗೆ ತಿರುಗಿಸುತ್ತಿದ್ದಂತೆ ಯಾರೋ ಒಳಗಿನಿಂದ, "ಕರೆಂಟಿನವ್ರು ಬಂದ್ರು ಕಣ್ರೋ" ಎಂದರು. ಕಂಬಕ್ಕೆ ಸಿಕ್ಕಿಸಿದ್ದ ತಂತಿಗಳು ಸರಸರನೆ ಕೆಳಗಿಳಿದವು. ಒಬ್ಬ ಅಜ್ಜಿ ಹೊರಗೆ ಬಂದು, ನಮ್ಮನೆಯಲ್ಲಿ ಫ್ಯಾನೇ ಇಲ್ಲ ತಾಯಿ ಎಂದು ಕೈಮುಗಿದರು. ಅವರ ಹಿಂದೆ ಫ್ಯಾನು ಇನ್ನೂ ತಿರುಗುತ್ತ ನಿಲ್ಲುತ್ತಿತ್ತು.

ಗಲ್ಲಿಯ ಕೊನೆಯಲ್ಲಿ ಗೆಳೆಯರು ಬೆವರು ಒರೆಸಿಕೊಂಡು ನಿಂತರು. ಎಲ್ಲಿ ಹೋದರೂ ಹತ್ತಿರ, ಎತ್ತ ನೋಡಿದರೂ ಹತ್ತಿರ. ಆಮೇಲೆ ಆಂಟೆನಾವನ್ನು ನಿಧಾನವಾಗಿ ನನ್ನ ಕಡೆಗೆ ತಿರುಗಿಸಿದರು.

"ಅಕ್ಕೋರ, ಒಂಚೂರು ದೂರ ಹೋಗ್ರಿ."

ಹೋದೆ. ಸದ್ದು ಇಳಿಯಿತು. ಮರಳಿ ಬಂದೆ, ಏರಿತು. ಕೊಡೆಯನ್ನು ಗೋಡೆಗೆ ಒರಗಿಸಿ ನಾನೊಬ್ಬಳೇ ದೂರ ಹೋದೆ. ಸದ್ದು ಇಳಿಯಲಿಲ್ಲ.

ಹಿಡಿಯ ತುದಿಯನ್ನು ತಿರುಗಿಸಿದಾಗ ಮುಚ್ಚಳ ಬಿಚ್ಚಿತು. ಒಳಗೆ ಕಿರುಬೆರಳಿನಷ್ಟು ಉದ್ದದ ಯಂತ್ರ. ಅದಕ್ಕೆ ಅಂಟಿಸಿದ ಬಿಳಿಯ ಪಟ್ಟಿಯ ಮೇಲೆ ತಮ್ಮನ ದುಂಡು ಅಕ್ಷರ: ಎಮ್ಮೆ 2.

ಹೊತ್ತಿಗೆ ಸರಿಯಾಗಿ ಹೋಗುತ್ತದೆ, ಹೊತ್ತಿಗೆ ಸರಿಯಾಗಿ ಬರುತ್ತದೆ, ದಾರಿ ಬದಲಾಯಿಸುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ.

ಗೆಳೆಯರು ನಗಬಾರದೆಂದು ಆಂಟೆನಾದ ಕಡ್ಡಿಗಳನ್ನೇ ನೋಡುತ್ತ ನಿಂತರು. ನನಗೆ ಮೊದಲು ಕಣ್ಣು ತುಂಬಿತು, ಆಮೇಲೆ ನಗು ಬಂತು. ಅವನು ಹೋದ ಮೇಲೆ ನಾನು ನಕ್ಕಿರಲಿಲ್ಲ. ಗಲ್ಲಿಯ ನಡುವೆ ಗೋಡೆ ಹಿಡಿದುಕೊಂಡು ನಕ್ಕೆ. ಕರೆಂಟಿನವರು ಹೀಗೂ ಇರುತ್ತಾರೆಯೇ ಎಂದು ಜನ ಕಿಟಕಿಯಿಂದ ನೋಡಿದರು.

ನಗು ನಿಂತ ಮೇಲೆ ಗೆಳೆಯರು ಮೆಲ್ಲಗೆ ಕೇಳಿದರು, ಬ್ಯಾಟರಿ ಇನ್ನೇನು ಮುಗಿಯುತ್ತದೆ, ಯಂತ್ರವನ್ನು ನೆನಪಿಗೆ ತೆಗೆದಿಟ್ಟುಕೊಳ್ಳುತ್ತೀರಾ ಎಂದು.

"ಬೇಡಪ್ಪ, ಹೊಸ ಬ್ಯಾಟರಿ ಹಾಕಿಕೊಡಿ" ಎಂದೆ. "ನಾಳೆ ಸೋಮವಾರ. ಎಮ್ಮೆ ಜಾಲಹಳ್ಳಿಗೆ ಹೋಗಬೇಕು."