ಏಂಜಲ್ ಬಂದ ದಿನ

ಕೊರೋಚಿ ಊರಿನ ಪಾರೀಸನಿಗೆ ಫಜೀತಿ ತಂದಿಟ್ಟದ್ದು ಒಂದು ಇಂಗ್ಲಿಷ್ ಶಬ್ದ. ಕಲಿಸಿದವನು ಕೊಲ್ಹಾಪುರದ ಗೆಳೆಯ ಸ್ವಪ್ನಿಲ. ಹೊಸ ಯಂತ್ರಗಳಿಗೆ ಸ್ವಂತ ಹಣ ಹಾಕುವ ಸಿರಿವಂತರಿಗೆ ‘ಏಂಜಲ್’ ಅನ್ನುತ್ತಾರಂತೆ, ದೇವದೂತ ಎಂದರ್ಥವಂತೆ. ಯಡ್ರಾವದ ಗಿರಣಿ ಕೆಲಸ ಬಿಟ್ಟು ಬಿಸಿಲಿನ ಕರೆಂಟಿನಲ್ಲಿ ಓಡುವ ಮಗ್ಗ ಕಟ್ಟಿದ್ದ ಪಾರೀಸ. ಇವತ್ತು ಬರುವ ದೇವದೂತರು ಒಪ್ಪದಿದ್ದರೆ ನಾಳೆ ಮತ್ತೆ ಗಿರಣಿಯೇ ಗತಿ.

ಬೆಳಿಗ್ಗೆ ಓಣಿಯ ಮಗ್ಗಗಳ ಸದ್ದಿನ ನಡುವೆ ಪಕ್ಕದ ಮನೆಗೆ ಕೂಗಿದ. “ಬಾಳಕ್ಕಾ, ಮಧ್ಯಾಹ್ನ ಗಡಹಿಂಗ್ಲಜದಿಂದ ಏಂಜಲ್‌ನವರು ಬರಾಕತ್ತಾರ!”

“ಎಂಜಲದವರಾ?”

“ಹೂಂ, ಭಾಳ ದೊಡ್ಡವರು. ಓಣ್ಯಾಗ ಎಲ್ಲಾರಿಗೂ ಹೇಳಿಬಿಡು.”

ಬಾಳಕ್ಕ ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡುವವಳಲ್ಲ. ಎಂಜಲು ಒಯ್ಯುವವರು ಬರುತ್ತಾರೆಂದು ಮನೆಮನೆಗೂ ಸಾರಿದಳು. ಪಾರೀಸ ಒಳಗೆ ಮಗ್ಗಕ್ಕೆ ಎಣ್ಣೆ ಬಿಡುವಷ್ಟರಲ್ಲಿ ಅಂಗಳದ ತುಂಬ ಎಂಜಲಿನ ಬಕೆಟ್ಟುಗಳು ಬಂದು ಕೂತವು. ಓಣಿಯ ದುಂಡವ್ವನಂತೂ ಮದುವೆ ಮಂಟಪದಿಂದ ಎರಡು ದೊಡ್ಡ ಬುಟ್ಟಿ ಉಳಿದ ಅನ್ನ ಹೊರಿಸಿಕೊಂಡು ಬಂದಳು. ಅಂಗಳದಲ್ಲಿದ್ದ ಸೋಲಾರ್ ಹಲಗೆಯನ್ನು ಮೇಜು ಎಂದುಕೊಂಡು ಅದರ ಮೇಲಿಟ್ಟು, ನೊಣ ಕೂರಬಾರದೆಂದು ಸೀರೆಯನ್ನೂ ಹೊದಿಸಿದಳು.

ಅಷ್ಟರಲ್ಲಿ ಗಡಹಿಂಗ್ಲಜದ ಏಂಜಲ್ ರತ್ನಮಾಲಾ ಅಕ್ಕ ಬಂದರು. ಬೆಲ್ಲದ ವ್ಯಾಪಾರದಲ್ಲಿ ಗಳಿಸಿದ್ದನ್ನು ಬಂಗಲೆಗೆ ಸುರಿಯದೆ, ಹೊಗೆಯಿಲ್ಲದ ಯಂತ್ರ ಮಾಡುತ್ತೇನೆಂದವರ ಕೈಗೆ ಕೊಡುತ್ತಿದ್ದ ಹೆಂಗಸು. ಹಣ ಕೊಟ್ಟ ಹನ್ನೊಂದು ಯಂತ್ರಗಳಲ್ಲಿ ಏಳು ಕೆಟ್ಟು ಕೂತಿದ್ದರೂ ಹನ್ನೆರಡನೆಯದನ್ನು ನೋಡಲು ಬಂದಿದ್ದರು. ಆ ಎದೆಗಾರಿಕೆಗೆ ಕೈ ಮುಗಿಯಲೇಬೇಕು.

ಪಾರೀಸ ಗುಂಡಿ ಒತ್ತಿದ. ಮಗ್ಗ ಮಿಸುಕಲಿಲ್ಲ. ಹೊರಗೆ ಓಡಿ ನೋಡಿದರೆ ಬಿಸಿಲು ಬೀಳಬೇಕಾದ ಹಲಗೆಯ ಮೇಲೆ ಅನ್ನ, ಸೀರೆ, ಸುತ್ತ ನಾಯಿಗಳು.

“ಇದೇನ ಬಾಳಕ್ಕಾ?”

“ನೀನ ಹೇಳಿದೆಲ್ಲೋ, ಎಂಜಲದವರು ಬರ್ತಾರಂತ! ಅಕ್ಕಾರ, ಹಸಿ ಬ್ಯಾರೆ, ಒಣಾ ಬ್ಯಾರೆ ಮಾಡಿ ಇಟ್ಟೇವ್ರಿ.”

ಪಾರೀಸ ನಾಯಿಗಳನ್ನು ಅಟ್ಟತೊಡಗಿದ. ರತ್ನಮಾಲಾ ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಬಕೆಟ್ಟುಗಳನ್ನು ಒಂದೊಂದಾಗಿ ಬಗ್ಗಿ ನೋಡುತ್ತ ಗಂಭೀರರಾದರು.

“ಕೊಲ್ಹಾಪುರದಾಗ ಎಂಜಲದಿಂದ ಅಡಿಗಿ ಗ್ಯಾಸ್ ಮಾಡೂ ಯಂತ್ರ ನಂದೊಂದು ಐತಿ. ಹಿಂಗ ಬ್ಯಾರೆ ಮಾಡಿ ತಂದಕೊಡವ್ರು ಸಿಗದ ಮೂರು ವರ್ಷಾತು ನಿಂತು. ನೀ ಅರ್ಧಾ ದಿನದಾಗ ಮಾಡಿದಿ! ಬಾಳಕ್ಕಾ, ಹೊಸಾ ಯಂತ್ರ ಇಲ್ಲೇ ಹಾಕತೇನಿ, ನೀನ ನಡಸಬೇಕ.”

“ನನ್ನ ಮಗ್ಗ, ಅಕ್ಕಾರ?” ಎಂದ ಪಾರೀಸ ಸಣ್ಣ ದನಿಯಲ್ಲಿ.

“ಅನ್ನ ಇಟ್ರ ನಿಲ್ಲೂ ಮಗ್ಗಾನ? ಇನ್ನೊಂದು ವರ್ಷ ಅದರ ಮ್ಯಾಲ ದುಡಿ. ಮತ್ತ ಬಂದ ನೋಡತೇನಿ.”

ಕಾರು ಹೋದ ಮೇಲೆ ಬಾಳಕ್ಕ ಅವನ ಬೆನ್ನು ತಟ್ಟಿದಳು. “ಅಳಬ್ಯಾಡೋ, ಗಿರಣಿಗೆ ಹೋಗೂದು ಬ್ಯಾಡ. ನಾಳಿಂದ ಮನಿಮನಿಗೆ ಹೋಗಿ ಬಕೆಟ್ ತರೂ ಕೆಲಸ ನಿನಗ.”

ಸಂಜೆ ಸ್ವಪ್ನಿಲನ ಫೋನು. “ಏನಪಾ, ಏಂಜಲ್ ಸಿಕ್ತೇನು?”

“ಸಿಕ್ತೋ,” ಎಂದ ಪಾರೀಸ, ಅಂಗಳ ತೊಳೆಯುತ್ತ. “ದಿನಾ ನಲವತ್ತ ಬಕೆಟ್.”