ಚೀಫ್ ಜಸ್ಟಿಸ್ ಬೇಡವೆಂದ ರವಿಕೆ ಕಣ

ನನ್ನ ಹೆಂಡತಿಗೆ ಬಡ್ತಿ ಬರುತ್ತೆ ಅಂದರೆ, ಮೊದಲು ಪಕ್ಕದ ಮನೆಗೆ ತನಿಖೆಯವರು ಬರುತ್ತಾರೆ. ಅವಳು ನ್ಯೂಜೆರ್ಸಿಯಲ್ಲಿ ಜಡ್ಜ್. ನೆರೆಯವರನ್ನು ವಿಚಾರಿಸದೆ ಇಲ್ಲಿ ಯಾರನ್ನೂ ಆ ಕುರ್ಚಿಯಲ್ಲಿ ಕೂರಿಸೋದಿಲ್ಲ. ನಮ್ಮ ನೆರೆಯವರೋ, ಮೈಸೂರಿನ ಆಂಟಿ.

೧. ಸಂಬಂಧ ವಿಚಾರಣೆ

ಮೊದಲ ಸಲ ಕೌಂಟಿ ಕೋರ್ಟಿನ ಹುದ್ದೆಗೆ. ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿಗೆ ಸೂಟು ಹಾಕಿದ ಅಧಿಕಾರಿ ಬಂದು ಆಂಟಿಯ ಬಾಗಿಲು ತಟ್ಟಿ, "ಆಕೆಯ ಸ್ವಭಾವ ಹೇಗೆ?" ಅಂದದ್ದೇ ತಡ, ಆಂಟಿ ಅವನನ್ನು ಗಂಡಿನ ಕಡೆಯವನ ಹಾಗೆ ಕೂರಿಸಿ ಚಕ್ಕುಲಿ, ಕಾಫಿ ಕೊಟ್ಟರಂತೆ.

"ಒಳ್ಳೇ ಮನೆತನ. ಸಾರು ಚೆನ್ನಾಗಿ ಮಾಡ್ತಾಳೆ."

"ಸಿಟ್ಟು?"

"ಗಂಡನ ಮೇಲೆ ಮಾತ್ರ. ಅದು ನ್ಯಾಯವೇ."

ಇದನ್ನು ಆಂಟಿಯೇ ಬಂದು ಹೆಮ್ಮೆಯಿಂದ ಒಪ್ಪಿಸಿದರು. ಆರ್ಡರ್ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಕೆಲಸವೇನೋ ಸಿಕ್ಕಿತು. ನನ್ನ ಮೇಲಿನ ಹೇಳಿಕೆ ಸರ್ಕಾರದ ಫೈಲಿನಲ್ಲಿ ಉಳಿದುಬಿಟ್ಟಿತು.

೨. ಬೇಡ ಆಂಟಿ

ಜಡ್ಜ್ ಆದಮೇಲೆ ಉಡುಗೊರೆ ವಿಷಯದಲ್ಲಿ ಇವಳು ಬಲು ಕಟ್ಟುನಿಟ್ಟು. ಆಂಟಿಯ ಅಳಿಯ ಲಾಯರ್ ಬೇರೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಆಂಟಿ ತಟ್ಟೆ ತಂದರೆ, ಅರಿಶಿನ ಕುಂಕುಮ ತಗೊಂಡು, ಮಡಿಸಿದ ರವಿಕೆ ಕಣವನ್ನು ಬಿಚ್ಚಿಯೂ ನೋಡದೆ ಹಿಂದಕ್ಕೆ ಕೊಟ್ಟಳು. ಆಂಟಿ ಮಾತು ಬಿಟ್ಟರು.

"ಏಳು ವರ್ಷಕ್ಕೆ ನಿನ್ನ ಹುದ್ದೆ ಖಾಯಂ ಆಗಬೇಕು. ಇರೋ ಒಬ್ಬ ಸಾಕ್ಷೀನೂ ಕಳ್ಕೊಂಡ್ಯಲ್ಲೇ" ಅಂದೆ.

"ರೀ, ರೂಲ್ಸು ಅಂದ್ರೆ ರೂಲ್ಸು."

ಏಳನೇ ವರ್ಷ ತನಿಖೆಯವರು ಬಂದಾಗ ಆಂಟಿ ಮೈಸೂರಿಗೆ ಹೋಗಿದ್ದರು. ಆ ತಾಯಿ ಚಾಮುಂಡಿಯೇ ಕರೆಸಿಕೊಂಡಳು ಅಂದುಕೊಂಡೆ.

೩. ಕೊನೆಯ ಮೆಟ್ಟಿಲು

ಹುದ್ದೆ ಖಾಯಂ ಆಯಿತು. ಆಮೇಲೆ ರಾಜ್ಯದ ಸುಪ್ರೀಂ ಕೋರ್ಟ್. ಅಲ್ಲಿಂದ ಗವರ್ನರ್ ಚೀಫ್ ಜಸ್ಟಿಸ್ ಹುದ್ದೆಗೇ ಹೆಸರು ಸೂಚಿಸಿದರು. ರಾಜ್ಯದ ಮೇಲ್ಮನೆ, ಸೆನೆಟ್, ಒಪ್ಪಬೇಕು. ಈ ಸಲ ಆಂಟಿ ಊರಲ್ಲೇ ಇದ್ದರು, ಸಿಟ್ಟೂ ಹಾಗೇ ಇತ್ತು.

ರಾಜಧಾನಿ ಟ್ರೆಂಟನ್ನಿನಲ್ಲಿ ವಿಚಾರಣೆ. ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸೆನೆಟರ್ ಒಬ್ಬರು ಕನ್ನಡಕ ಏರಿಸಿ, "ನೆರೆಯಾಕೆಯ ದೂರೊಂದಿದೆ" ಅಂದರು. ಹೆಂಡತಿ ಕದಲಲಿಲ್ಲ.

"ಈಕೆಗೆ ಬಹಳ ಜಂಬ. ಹಬ್ಬದ ದಿನ ಪ್ರೀತಿಯಿಂದ ಕೊಟ್ಟ ಒಂದು ತುಂಡು ಬಟ್ಟೆಯನ್ನೂ ಮುಟ್ಟಲಿಲ್ಲ" ಅಂತ ಓದಿ, ಕಾಗದ ಕೆಳಗಿಟ್ಟರು. "ನನ್ನ ಪ್ರಶ್ನೆಗಳು ಮುಗಿದವು."

ಹುದ್ದೆ ಸಿಕ್ಕಿತು. ಪ್ರಮಾಣವಚನದ ಸಂಜೆ ಬಾಗಿಲಲ್ಲಿ ಆಂಟಿ, ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ರವಿಕೆ ಕಣ. ಹೆಂಡತಿ ಈ ಸಲ ಬಿಚ್ಚಿ ನೋಡಿದಳು. ಹಸಿರು ಬಣ್ಣ, ಮಾವಿನಕಾಯಿ ಅಂಚು, ಮೂಲೆಯಲ್ಲಿ ಎಂದೋ ನಾನೇ ಚೆಲ್ಲಿದ್ದ ಕಾಫಿ ಕಲೆ.

"ಆಂಟಿ, ಇದು ನಿಮ್ಮ ಮಗಳ ಸೀಮಂತಕ್ಕೆ ನಾವೇ ಕೊಟ್ಟಿದ್ದು. ಹಾಗಾಗಿ ಇದು ಉಡುಗೊರೆ ಅಲ್ಲ, ನಮ್ಮ ವಸ್ತು ನಮಗೇ ವಾಪಸ್ ಬಂದಿದೆ. ತಗೋತೀನಿ."

ಚೀಫ್ ಜಸ್ಟಿಸ್ ಅವರ ಮೊದಲ ತೀರ್ಪು ಅದು. ಆಂಟಿ ಸೋಫಾದಲ್ಲಿ ಕೂತು ಸೆರಗು ಸರಿಮಾಡಿಕೊಂಡರು.

"ಆವತ್ತು ತಂದಿದ್ದೂ ಇದನ್ನೇ ಕಣೇ."